ಅರ್ಜಿ, ಅಹವಾಲು, ತಕರಾರು

ವಕ್ಫ್ ತಿದ್ದುಪಡಿ ಮಸೂದೆಯ ಕುರಿತು ಜಂಟಿ ಸಂಸದೀಯ ಸಮಿತಿಗೆ ಬಂದ ಮನವಿಗಳ ಸಂಖ್ಯೆ 97,27,772 ಎಂದು ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವ ಕಿರಣ್ ರಿಜಿಜು 2025ರ ಏಪ್ರಿಲ್ 2ರಂದು ಲೋಕಸಭೆಗೆ ತಿಳಿಸಿದರು. ಬೇರಾವ ಮಸೂದೆಗೂ ಇಷ್ಟು ಮನವಿಗಳು ಬಂದದ್ದಿಲ್ಲ ಎಂದೂ ಸೇರಿಸಿದರು. ಈ ಅಂಕಿಯನ್ನು ಆಳುವ ಪಕ್ಷ ತನ್ನ ಔದಾರ್ಯಕ್ಕೆ ಸಾಕ್ಷಿಯಾಗಿ ಬಳಸಿಕೊಂಡಿತು. ನಮ್ಮ ಸಂಘಟನೆಗಳು ತಮ್ಮ ಬಲಕ್ಕೆ ಸಾಕ್ಷಿಯಾಗಿ ಬಳಸಿಕೊಂಡವು. ಅದೇ ರಾತ್ರಿ ಕಳೆದು ಮಸೂದೆ 288-232 ಮತಗಳಿಂದ ಲೋಕಸಭೆಯಲ್ಲಿ ಗೆದ್ದಿತು. ಮರುದಿನದ ರಾತ್ರಿ ರಾಜ್ಯಸಭೆಯನ್ನೂ ದಾಟಿತು. ಏಪ್ರಿಲ್ 5ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸುಮಾರು ಒಂದು ಕೋಟಿಯಷ್ಟಿದ್ದ ಆ ಕಾಗದಗಳಲ್ಲಿ ಏನು ಬರೆದಿತ್ತು ಎಂದು ಮಾತ್ರ ಯಾರೂ ಕೇಳಿದಂತೆ ಕಾಣಲಿಲ್ಲ. ಕತೆ ಬರೆಯುವ ನಮ್ಮಂಥವರಿಗೆ ಮೊದಲು ಹೊಳೆಯುವುದು ಅದೇ ಪ್ರಶ್ನೆ.

ಮನವಿ ಪತ್ರಕ್ಕೆ ಎಂಥ ವಿಮರ್ಶೆ ಎಂದು ಕೆಲವರು ನಗಬಹುದು. ಗಾಲಿಬ್ ತನ್ನ ಕುಟುಂಬದ ಪಿಂಚಣಿಯ ವ್ಯಾಜ್ಯಕ್ಕಾಗಿ ದಿಲ್ಲಿಯಿಂದ ಕಲ್ಕತ್ತೆಯವರೆಗೆ ಹೋಗಿ, ಕಂಪನಿ ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದ. ಕೇಳಿದ ಹಣ ಸಿಗಲಿಲ್ಲ. ಆದರೆ ಆ ಅರ್ಜಿಗಳನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ. ಯಾಕೆಂದರೆ ಒಬ್ಬ ಮನುಷ್ಯ ಪ್ರಭುತ್ವದ ಎದುರು ನಿಂತಾಗ ತನ್ನನ್ನು ಹೇಗೆ ಕಾಣಿಸಿಕೊಳ್ಳುತ್ತಾನೆ, ಯಾವುದನ್ನು ಹೇಳಿ ಯಾವುದನ್ನು ಮುಚ್ಚಿಡುತ್ತಾನೆ ಎಂಬುದು ಅಲ್ಲಿ ಸಿಗುತ್ತದೆ.

ಈ ಬಗೆಯ ಬರಹಕ್ಕೆ ಕನ್ನಡದಲ್ಲಿರುವ ಹೆಸರುಗಳನ್ನೇ ಗಮನಿಸಿ. ಬಿನ್ನಹ ನಮ್ಮ ಹಳೆಯ ಪದ. ದೊರೆಗೂ ಅದೇ, ದೇವರಿಗೂ ಅದೇ. ಅರ್ಜಿ, ಅಹವಾಲು, ಮಹಜರು, ತಕರಾರು ಇವು ಅರಬ್ಬಿ ಮೂಲದವು. ಪಾರಸಿ ಕಚೇರಿಗಳ ಮೂಲಕ ಬಂದು ನಮ್ಮ ಶಾನುಭೋಗರ ದಫ್ತರಗಳಲ್ಲಿ ನೆಲೆ ನಿಂತವು. ಅರ್ಜ್ ಎಂದರೆ ಮುಂದಿಡುವುದು. ಅಹವಾಲು ಎಂಬುದು ‘ಹಾಲ್’ ಪದದ ಬಹುವಚನ. ಹಾಲ್ ಎಂದರೆ ಇರುವ ಸ್ಥಿತಿ, ಆದ ಪಾಡು. ಮಹಜರು ಹುಟ್ಟಿದ್ದು ಹಾಜರಿ, ಹುಜೂರು ಹುಟ್ಟಿದ ಧಾತುವಿನಿಂದಲೇ. ಒಂದು ಕಾಲಕ್ಕೆ ಊರಿನ ಜನ ಖಾಜಿಯ ಎದುರೋ ಅಧಿಕಾರಿಯ ಎದುರೋ ಹಾಜರಾಗಿ, ತಾವು ಕಂಡದ್ದನ್ನು ಹೇಳಿ, ಕೆಳಗೆ ಮುದ್ರೆ ಒತ್ತಿ ಕೊಡುತ್ತಿದ್ದ ಸಾಕ್ಷಿಪತ್ರ ಅದು. ಈಗ ಪೊಲೀಸರ ಸ್ಥಳ ಮಹಜರಿನಂಥ ಕಡೆ ಉಳಿದುಕೊಂಡಿದೆ. ಇನ್ನು ತಕರಾರು. ಅರಬ್ಬಿಯಲ್ಲಿ ಅದರ ಅರ್ಥ ಪುನರಾವರ್ತನೆ. ಉರ್ದುವಿನಲ್ಲಿ ಜಗಳವೆಂಬ ಅರ್ಥವೂ ಕೂಡಿಕೊಂಡಿತು. ಕನ್ನಡಕ್ಕೆ ಬರುವಷ್ಟರಲ್ಲಿ ಆಕ್ಷೇಪಣೆಯಾಗಿ ನಿಂತಿತು.

ವಕ್ಫ್ ಮಸೂದೆಗೆ ಸಂಬಂಧಿಸಿ ಸಮಿತಿಗೆ ತಲುಪಿದ್ದನ್ನು ನಾವು ನೋಡುವಂತಿಲ್ಲ. ಹೊರಟದ್ದನ್ನು ಮಾತ್ರ ಎಲ್ಲರೂ ನೋಡಿದ್ದೇವೆ. 2024ರ ಆಗಸ್ಟ್ ಕೊನೆಯಲ್ಲಿ ಸಮಿತಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತು. ಸಲಹೆಗಳನ್ನು 15 ದಿನಗಳೊಳಗೆ ಕಳಿಸಬೇಕು, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು, ಎರಡು ಪ್ರತಿ ಇರಬೇಕು, ಬಂದದ್ದೆಲ್ಲ ಸಮಿತಿಯ ದಾಖಲೆಗೆ ಸೇರಿ ಗೋಪ್ಯವಾಗಿರುತ್ತದೆ ಎಂಬುದು ಅದರ ಸಾರ. ಇದಾದ ಮೇಲೆ ಅಖಿಲ ಭಾರತ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಕ್ಯೂಆರ್ ಕೋಡ್ ಒಂದನ್ನು ಹೊರಡಿಸಿತು. ಮಸೀದಿಗಳ ಗೋಡೆಗಳಲ್ಲಿ, ವಾಟ್ಸಾಪಿನಲ್ಲಿ ಅದು ಹರಿದಾಡಿತು. ಫೋನಿನ ಕಣ್ಣನ್ನು ಅದಕ್ಕೆ ಹಿಡಿದರೆ ಸಿದ್ಧವಾಗಿದ್ದ ಇಂಗ್ಲಿಷ್ ಪತ್ರ ತೆರೆದುಕೊಳ್ಳುತ್ತಿತ್ತು. ಒತ್ತಿದರೆ ಹೋಗುತ್ತಿತ್ತು. ಮಸೂದೆಯ ಪರವಾಗಿದ್ದವರೂ ಸುಮ್ಮನಿರಲಿಲ್ಲ. ಅವರ ಕೋಡುಗಳೂ, ಅವರ ಸಿದ್ಧಪತ್ರಗಳೂ ಇದ್ದವು. ಮಿಂಚಂಚೆಗಳು ಕೋಟಿ ದಾಟಿದುವೆಂದು ಸೆಪ್ಟೆಂಬರಿನಲ್ಲಿ ಸುದ್ದಿಯಾಯಿತು. ಇಷ್ಟೊಂದು ಬರಲು ವಿದೇಶಿ ಕೈವಾಡ ಇರಬಹುದು, ತನಿಖೆಯಾಗಲಿ ಎಂದು ಸಮಿತಿಯ ಸದಸ್ಯರೊಬ್ಬರು ಅಧ್ಯಕ್ಷರಿಗೇ ಪತ್ರ ಬರೆದರು. ತನ್ನ ಮಸೀದಿಗೆ ಏನಾಗುತ್ತದೋ ಎಂಬ ದಿಗಿಲಿನಿಂದ ಬಟನ್ ಒತ್ತಿದ ಹಮಾಲಿಯೊಬ್ಬ ಹೀಗೆ ರಾತ್ರೋರಾತ್ರಿ ಅಂತರರಾಷ್ಟ್ರೀಯ ಸಂಚಿನ ಭಾಗವಾಗಿಬಿಟ್ಟ.

ಆ ಸಿದ್ಧಪತ್ರವನ್ನು ಬರಹವಾಗಿ ಓದಿದರೆ ಏನು ಸಿಗುತ್ತದೆ? ಸಂವಿಧಾನದ 25 ಮತ್ತು 26ನೇ ವಿಧಿಗಳ ಉಲ್ಲೇಖ, ಧಾರ್ಮಿಕ ಸ್ವಾತಂತ್ರ್ಯದ ಮಾತು, ಮಸೂದೆಯನ್ನು ಹಿಂದಕ್ಕೆ ಪಡೆಯಬೇಕೆಂಬ ಕೋರಿಕೆ. ಒಂದೂ ತಪ್ಪಲ್ಲ. ವಕೀಲರು ಕೋರ್ಟಿನಲ್ಲಿ ಆಡಿದ್ದೂ ಇವೇ ಮಾತುಗಳನ್ನು. ಆದರೆ ಬರೆದವನು ಯಾವ ಊರಿನವನು, ಅವನ ಊರಿನಲ್ಲಿ ಯಾವ ವಕ್ಫ್ ಇದೆ, ಅದಕ್ಕೆ ಕಾಗದವಿದೆಯೋ ಇಲ್ಲವೋ, ಅದನ್ನು ನೋಡಿಕೊಳ್ಳುವವರು ಯಾರು, ಅದರ ಆದಾಯದಿಂದ ಯಾರ ಮನೆಯ ಒಲೆ ಉರಿಯುತ್ತದೆ, ಯಾರ ಜೇಬು ತುಂಬುತ್ತದೆ ಎಂಬ ಒಂದು ಸಾಲೂ ಅಲ್ಲಿಲ್ಲ. ಅದು ಅಹವಾಲಿಲ್ಲದ ಅರ್ಜಿ. ಲಕ್ಷಗಟ್ಟಲೆ ಸಲ ಹೋದದ್ದರಿಂದ ಅದು ಮೂಲಾರ್ಥದಲ್ಲೂ ತಕರಾರೇ ಆಯಿತು.

ಹದಿನೈದು ದಿನ, ಎರಡು ಭಾಷೆ ಎಂದು ಬಾಗಿಲನ್ನು ಅಷ್ಟು ಕಿರಿದು ಮಾಡಿದವರು ಯಾರು ಎಂಬುದನ್ನು ಮರೆಯಬಾರದು. ಯಾವುದೇ ಕರಡು ಕಾನೂನನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವೇ 2014ರಲ್ಲಿ ಒಂದು ನೀತಿ ಮಾಡಿಕೊಂಡಿದೆ. ಅದು ಮಸೂದೆ ಸಂಸತ್ತಿಗೆ ಬರುವ ಮುಂಚಿನ ಮಾತು; ಪಾಲನೆಯಾಗದೆ ಉಳಿದ ಸಂದರ್ಭಗಳೇ ಹೆಚ್ಚು. ಲೋಕಸಭೆಗೆ ನೇರವಾಗಿ ಅರ್ಜಿ ಕೊಡುವ ಇನ್ನೊಂದು ದಾರಿಯೂ ಇದೆ. ಮಂಡನೆಯಾದ ಮಸೂದೆಯ ಮೇಲೆ ಯಾವ ನಾಗರಿಕನೂ ಅರ್ಜಿ ಸಲ್ಲಿಸಬಹುದು. ಸದನದ ನಿಯಮಾವಳಿಯಲ್ಲಿ ಅದಕ್ಕೊಂದು ನಮೂನೆ ಇದೆ. ವಿನಮ್ರ ಅರ್ಜಿದಾರ ಎಂದು ಆರಂಭವಾಗಿ ಸದಾ ಪ್ರಾರ್ಥಿಸುತ್ತಿರುತ್ತೇನೆ ಎಂದು ಮುಗಿಯುವ ಆ ಒಕ್ಕಣೆಯಲ್ಲಿ ವಿಲಾಯತಿಯ ಪಾರ್ಲಿಮೆಂಟಿನ ವಾಸನೆ ಇನ್ನೂ ಹೋಗಿಲ್ಲ. ಕನ್ನಡದಲ್ಲಿ ಬರೆದರೆ ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಭಾಷಾಂತರವನ್ನು ಲಗತ್ತಿಸಿ ಸಹಿ ಮಾಡಿ ಕೊಡಬೇಕು. ವಕ್ಫ್ ಸಮಿತಿಯ ಪ್ರಕಟಣೆಯಲ್ಲಿ ಅಷ್ಟು ದಾಕ್ಷಿಣ್ಯವೂ ಇರಲಿಲ್ಲ. ವಕ್ಫ್‌ನಾಮೆಗಳು ಬಹುಮಟ್ಟಿಗೆ ಯಾವ ಭಾಷೆಯಲ್ಲಿವೆಯೋ ಆ ಉರ್ದುವಿಗೂ ಅಲ್ಲಿ ಜಾಗವಿಲ್ಲ. ಪಹಣಿಗಳು ಯಾವ ಭಾಷೆಯಲ್ಲಿವೆಯೋ ಆ ಕನ್ನಡಕ್ಕೂ ಇಲ್ಲ. ಎರಡೂ ಎಂಟನೆಯ ಅನುಸೂಚಿಯ ಭಾಷೆಗಳೇ. ಹೀಗಿರುವಾಗ ಹಳ್ಳಿಯ ಮುತವಲ್ಲಿಗೆ ಸಿದ್ಧಪತ್ರವಲ್ಲದೆ ಬೇರೆ ಗತಿ ಏನಿತ್ತು ಎಂಬ ವಾದದಲ್ಲಿ ಹುರುಳಿದೆ.

ಆದರೂ ನಮ್ಮ ಸಂಘಟನೆಗಳ ಆಯ್ಕೆಯನ್ನು ಪ್ರಶ್ನಿಸದೆ ಬಿಡಲಾಗದು. ಈ ಮಸೂದೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ತಟ್ಟುವ ಅಂಶ ಬಳಕೆಯಿಂದ ಆದ ವಕ್ಫ್‌ಗೆ ಸಂಬಂಧಿಸಿದ್ದು. ಯಾರೋ ಎಂದೋ ಬಾಯಿಮಾತಿನಲ್ಲಿ ಬಿಟ್ಟ ಜಾಗ. ತಲೆಮಾರುಗಳಿಂದ ನಮಾಜು ನಡೆದಿದೆ, ಹೆಣ ಹೂತಿದ್ದಾರೆ, ಉರುಸು ಮಾಡಿದ್ದಾರೆ. ಕಾಗದ ಮಾತ್ರ ಇಲ್ಲ. 1954ರ ಕಾಯ್ದೆ ಇಂಥದ್ದನ್ನು ವಕ್ಫ್ ಎಂದೇ ಒಪ್ಪಿತ್ತು. 1995ರದೂ ಒಪ್ಪಿತ್ತು. 2024ರ ಮಸೂದೆ ಆ ಮಾತನ್ನೇ ಕಿತ್ತುಹಾಕಲು ಹೊರಟಿತು. ಕಾಗದವಿಲ್ಲದ ಜಾಗಕ್ಕೆ ಇರುವ ಏಕೈಕ ಆಧಾರ ಅದರ ಬಳಕೆಯ ಅಹವಾಲು, ಅದನ್ನು ಕಂಡವರ ಮಹಜರು. ಹೇಳದಿದ್ದರೆ ಇಲ್ಲವಾಗುವಂಥದ್ದು ಅದು. ಅದನ್ನೇ ನಾವು ಹೇಳಲಿಲ್ಲವೆಂದರೆ ಮಿಕ್ಕ ವಾದಗಳೆಲ್ಲ ಗಾಳಿಯಲ್ಲಿ ನಿಲ್ಲುತ್ತವೆ.

ಉತ್ತರ ಕರ್ನಾಟಕದ ಹಳ್ಳಿಗಳ ಆಶೂರ್‌ಖಾನೆಗಳನ್ನು ನೆನೆಯಿರಿ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಮೊಹರಂ ತಿಂಗಳಲ್ಲಿ ಪಂಜಾ ಕೂರಿಸುವವರು, ಅಲಾಯಿ ಕುಣಿ ತೋಡುವವರು, ಹರಕೆ ಹೊರುವವರು, ಸಕ್ಕರೆ ಓದಿಸುವವರು ಹಿಂದೂಗಳೇ. ಇಂಥ ಆಶೂರ್‌ಖಾನೆಗಳಲ್ಲಿ ಎಷ್ಟೋ ವಕ್ಫ್ ಪಟ್ಟಿಯಲ್ಲಿವೆ. ಅಲ್ಲಿಯ ಒಂದು ಮಹಜರಿಗೆ ಊರ ಗೌಡನೂ ತಳವಾರನೂ ಮಡಿವಾಳನೂ ಸಹಿ ಹಾಕಿದ್ದರೆ ಅದು ಎಂಥ ಅರ್ಜಿಯಾಗುತ್ತಿತ್ತು! ಬಳಸಿದವರು ಯಾರು ಎಂಬ ಪ್ರಶ್ನೆಗೆ ಇಡೀ ಊರೇ ಉತ್ತರವಾಗಿ ನಿಲ್ಲುತ್ತಿತ್ತು. ವಕ್ಫ್ ಎಂದರೆ ಒಂದು ಕೋಮಿನವರು ಬಾಚಿಕೊಂಡ ಭೂಮಿ ಎಂಬ ಪ್ರಚಾರಕ್ಕೆ ವಿಧಿಗಳ ಸಂಖ್ಯೆಗಿಂತ ಗಟ್ಟಿ ಜವಾಬು ಅದು. ಸಿದ್ಧಪತ್ರದ ‘ನಾವು’ ಎಂಬುದರೊಳಗೆ ಈ ನೆರೆಯವರಿಗೆ ಜಾಗವಿರಲಿಲ್ಲ. ಕಳಿಸುವವರೆಲ್ಲ ಮುಸ್ಲಿಮರು ಎಂದು ಅದು ಮೊದಲೇ ಗೊತ್ತುಮಾಡಿಕೊಂಡಿತ್ತು.

ಇದಕ್ಕೆ ಎದುರಾಗಿ, ಕಹಿಯೆನಿಸಿದರೂ, ವಿಜಯಪುರದ ರೈತರ ಅರ್ಜಿಗಳನ್ನು ಇಟ್ಟು ನೋಡಬೇಕು. 2024ರ ಅಕ್ಟೋಬರಿನಲ್ಲಿ ಆ ಜಿಲ್ಲೆಯ ರೈತರಿಗೆ ಹೋದ ನೋಟಿಸುಗಳು, ಹೊನವಾಡದ ಜಮೀನುಗಳ ಗದ್ದಲ, ಪಹಣಿಯ 11ನೇ ಕಲಮಿನಲ್ಲಿ ವಕ್ಫ್ ಹೆಸರು ಕಾಣಿಸಿಕೊಂಡ ದಿಗಿಲು ಎಲ್ಲರಿಗೂ ಗೊತ್ತಿರುವಂಥದ್ದೇ. ರಾಜ್ಯ ಸರ್ಕಾರ ಕೊನೆಗೆ ನೋಟಿಸುಗಳನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ನವೆಂಬರ್ 7ರಂದು ಸಮಿತಿಯ ಅಧ್ಯಕ್ಷ ಜಗದಂಬಿಕಾ ಪಾಲ್ ಹುಬ್ಬಳ್ಳಿಗೂ ವಿಜಯಪುರಕ್ಕೂ ಬಂದು ಮನವಿಗಳನ್ನು ಕೈಯಾರೆ ಪಡೆದರು. ಉಪಚುನಾವಣೆಯ ಹೊತ್ತು ಅದು. ಅಧ್ಯಕ್ಷರು ಸಮಿತಿಯನ್ನು ಬಿಟ್ಟು ತಾವೇ ಬಂದರೆಂದು ವಿರೋಧ ಪಕ್ಷಗಳ ಸದಸ್ಯರು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇತ್ತು. ರೈತರ ಸಂಕಟವನ್ನು ರಾಜಕೀಯ ಬಳಸಿಕೊಂಡಿತು ಎಂಬುದರಲ್ಲೂ ಸಂಶಯವಿಲ್ಲ. ಆದರೆ ಬರಹವಾಗಿ ನೋಡಿದರೆ ಆ ಅರ್ಜಿಗಳು ನಮ್ಮವಕ್ಕಿಂತ ಚೆನ್ನಾಗಿದ್ದವು. ಸರ್ವೆ ನಂಬರು, ಪಹಣಿ, ಯಾರ ಅಜ್ಜ ಯಾವಾಗಿನಿಂದ ಉಳುತ್ತಿದ್ದ ಎಂಬ ವಿವರ ಆ ಸಂಕಟದ ಒಡಲಲ್ಲೇ ಇತ್ತು. ಕಾಗದ ಏನೇ ಹೇಳಲಿ, ಬಳಸಿದವರು ನಾವು ಎಂಬುದೇ ಅವರ ವಾದ. ಬಳಕೆಯಿಂದ ಆದ ವಕ್ಫ್‌ನ ವಾದವೂ ಅಕ್ಷರಶಃ ಅದೇ ಅಲ್ಲವೇ? ಎರಡು ಅಹವಾಲುಗಳು ಇಷ್ಟು ಹತ್ತಿರವಿದ್ದೂ ಒಂದನ್ನೊಂದು ಮಾತಾಡಿಸಲಿಲ್ಲ. ಮಾತಾಡಿಸಬಹುದಿತ್ತು ಎಂದು ಹೇಳಿದವರೂ ನಮ್ಮಲ್ಲಿ ಕಡಿಮೆ.

ವಕ್ಫ್ ವಿಷಯದಲ್ಲಿ ಹಿಂದೆ ಒಮ್ಮೆ ನಮ್ಮ ಹಿರಿಯರು ಕಾನೂನು ಮಾಡುವವರಿಗೆ ಅರ್ಜಿ ಬರೆದು ಗೆದ್ದದ್ದಿದೆ. 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅಬುಲ್ ಫತಾ ಮೊಕದ್ದಮೆಯಲ್ಲಿ ಮಕ್ಕಳು ಮೊಮ್ಮಕ್ಕಳಿಗಾಗಿ ಮಾಡಿದ ವಕ್ಫ್ ಊರ್ಜಿತವಲ್ಲ ಎಂದಿತು. ಸ್ವಂತ ವಂಶಕ್ಕೆ ಬಿಟ್ಟದ್ದು ಧರ್ಮ ಹೇಗಾದೀತು ಎಂಬುದು ಆ ಸಾಹೇಬರ ಪ್ರಶ್ನೆ. ಮೌಲಾನಾ ಶಿಬ್ಲಿ ನೋಮಾನಿ ಈ ವಿಷಯ ಕೈಗೆತ್ತಿಕೊಂಡರು. ಉರ್ದುವಿನಲ್ಲಿ ಅದರ ಮೇಲೊಂದು ಪುಸ್ತಿಕೆ ಬರೆದರು, ಉಲೇಮಾಗಳ ಅಭಿಪ್ರಾಯ ತರಿಸಿದರು, ಸಹಿ ಸಂಗ್ರಹಿಸಿದರು. ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದವರು ಮುಹಮ್ಮದ್ ಅಲಿ ಜಿನ್ನಾ, 1911ರಲ್ಲಿ. 1913ರಲ್ಲಿ ಕಾಯ್ದೆಯಾಯಿತು. ಆ ಅರ್ಜಿಯ ಒಳಗಿದ್ದುದು ಒಂದೇ ಪದದ ಮೇಲಿನ ವಾದ: ಇಸ್ಲಾಮಿನಲ್ಲಿ ಬಡ ಬಂಧುವಿಗೆ, ಹೆಂಡತಿ ಮಕ್ಕಳಿಗೆ ಕೊಡುವುದೂ ಸದಕಾ, ಇಂಗ್ಲಿಷಿನ ದಾನದ ಕಲ್ಪನೆಯಿಂದ ಅದನ್ನು ಅಳೆಯಬೇಡಿ. ಕೇಳುವವನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಅದು ಕಲಿಸಿತು. ಗೆಲುವು ಪೂರ್ತಿಯಾಗಲು ಮತ್ತೂ 17 ವರ್ಷ ಬೇಕಾದವು. 1913ಕ್ಕಿಂತ ಹಿಂದಿನ ವಕ್ಫ್‌ಗಳಿಗೆ ಆ ಕಾಯ್ದೆ ಅನ್ವಯಿಸದೆ ಹೋದದ್ದರಿಂದ 1930ರಲ್ಲಿ ಇನ್ನೊಂದು ಕಾಯ್ದೆ ತರಬೇಕಾಯಿತು.

ಸಂಖ್ಯೆಯೇ ಎಲ್ಲ ಎನ್ನುವವರಿಗೆ ಇನ್ನೂ ಹಿಂದಿನ ಒಂದು ಸಂಗತಿ. ವಿಧವೆಯರ ಮರುಮದುವೆಗೆ ಕಾನೂನು ಬೇಕೆಂದು ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಕೊಟ್ಟ ಅರ್ಜಿಗೆ 987 ಸಹಿಗಳಿದ್ದವು. ಬೇಡವೆಂದವರ ಅರ್ಜಿಗಳಲ್ಲಿ ಅದರ ಹಲವು ಪಟ್ಟು. ಮರುವರ್ಷ ಕಾನೂನು ಬಂದೇ ಬಂತು. ಅದು ಜನರಿಗೆ ಉತ್ತರ ಹೇಳಬೇಕಿಲ್ಲದ ಕಂಪನಿ ಸರ್ಕಾರವಾಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಇಂದು ಯಾವ ಸರ್ಕಾರವಾದರೂ ಒಂದು ಕೋಟಿ ಅರ್ಜಿಗಳನ್ನು ಬದಿಗೊತ್ತಿ ಹೀಗೆಯೇ ಮಾಡಬಹುದು ಎಂದು ಇದರ ಅರ್ಥವಲ್ಲ.

ಸಹಿ ಯಾರದು ಎಂಬ ಪ್ರಶ್ನೆ ನಮ್ಮ ಸಮುದಾಯದೊಳಗೂ ಇದೆ. ಜೀವನಾಂಶದ ಮೊಕದ್ದಮೆಯನ್ನು 1985ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಶಾಹ್ ಬಾನು, ಅದೇ ವರ್ಷದ ನವೆಂಬರಿನಲ್ಲಿ ಆ ತೀರ್ಪು ತನಗೆ ಬೇಡವೆಂಬ ಬಹಿರಂಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಉರ್ದು ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಮುದುಕಿಯ ಹೆಬ್ಬೆಟ್ಟಿನ ಮೇಲಿದ್ದ ವಾಕ್ಯಗಳನ್ನು ಬರೆದವರು ಯಾರೆಂಬುದನ್ನು ಊಹಿಸಲು ಕತೆಗಾರನೇ ಆಗಬೇಕಾಗಿಲ್ಲ. ಮರುವರ್ಷ ರಾಜೀವ್ ಗಾಂಧಿ ಸರ್ಕಾರ ತಂದ ಕಾಯ್ದೆ ಯಾರ ಅರ್ಜಿಗೆ ಉತ್ತರವಾಗಿತ್ತು ಎಂಬುದೂ ಗೊತ್ತಿದೆ. ಮೂವತ್ತು ವರ್ಷಗಳ ಮೇಲೆ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ತ್ರಿವಳಿ ತಲಾಖಿನ ವಿರುದ್ಧ 50 ಸಾವಿರ ಸಹಿ ಕೂಡಿಸಿತು. ಅದಕ್ಕೆದುರಾಗಿ ಕೋಟಿಗಟ್ಟಲೆ ಮಹಿಳೆಯರು ತಮ್ಮ ಕಡೆ ಇದ್ದಾರೆಂದು ಪರ್ಸನಲ್ ಲಾ ಬೋರ್ಡ್ ಹೇಳಿಕೊಂಡಿತು. ಆಂದೋಲನ ಕೇಳಿದ್ದು ಮದುವೆಯ ವಯಸ್ಸು, ಮೆಹರ್, ತಲಾಖಿನ ಕ್ರಮ ಎಲ್ಲವನ್ನೂ ಒಳಗೊಂಡ ಕೌಟುಂಬಿಕ ಕಾನೂನನ್ನು. 2019ರಲ್ಲಿ ಸಿಕ್ಕಿದ್ದು ಗಂಡನಿಗೆ ಮೂರು ವರ್ಷ ಸೆರೆವಾಸದ ಕಾಯ್ದೆ. ಅದರ ಮೊದಲ ರೂಪ 2017ರ ಡಿಸೆಂಬರ್ 28ರಂದು ಮಂಡನೆಯಾದ ದಿನವೇ ಲೋಕಸಭೆಯಲ್ಲಿ ಅಂಗೀಕಾರವೂ ಆಯಿತು. ಯಾರಾದರೂ ಯಾವಾಗ ಅರ್ಜಿ ಬರೆಯಬೇಕಿತ್ತು? ನಮ್ಮ ಮಟ್ಟಿಗೆ ತಲಾಖಿನ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ಅಹವಾಲು ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’. ನಾದಿರಾಳ ಆ ಕತೆಗೆ ಸಮುದಾಯದೊಳಗಿನಿಂದ ಬಂದ ಸಿಟ್ಟನ್ನು ಕಂಡವರಿಗೆ, ಅರ್ಜಿ ಬರೆಯುವ ಹೆಣ್ಣಿಗೆ ಸಂಸತ್ತಿಗಿಂತ ಮೊದಲು ಎದುರಾಗುವ ಬಾಗಿಲು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಆ 97 ಲಕ್ಷಕ್ಕೆ ಬರೋಣ. ಅವು ಗೋಪ್ಯ. ಬಾಲ್ಯವಿವಾಹ ತಡೆಯ ಚರ್ಚೆ ನಡೆಯುತ್ತಿದ್ದಾಗ ಮೋರೋಪಂತ್ ಜೋಶಿಯವರ ಅಧ್ಯಕ್ಷತೆಯ ಸಮಿತಿ 1928-29ರಲ್ಲಿ ದೇಶ ಸುತ್ತಿ ಪಡೆದ ಸಾಕ್ಷ್ಯಗಳು ಸಂಪುಟಗಳಾಗಿ ಅಚ್ಚಾದವು. ಯಾರು ಏನು ಹೇಳಿದರು, ಸಮಿತಿ ಏನು ಮರುಪ್ರಶ್ನೆ ಹಾಕಿತು ಎಂಬುದು ಇಂದಿಗೂ ಓದಲು ಸಿಗುತ್ತದೆ. ಪರಕೀಯರ ಸರ್ಕಾರ ಅಚ್ಚು ಹಾಕಿಸಿದ್ದನ್ನು ನಮ್ಮದೇ ಸಂಸತ್ತು ಬೀಗ ಹಾಕಿಟ್ಟಿದೆ. 36 ಸಭೆ ನಡೆಸಿದ ವಕ್ಫ್ ಸಮಿತಿ 655 ಪುಟಗಳ ಕರಡು ವರದಿಯನ್ನು ಸದಸ್ಯರಿಗೆ ತಲುಪಿಸಿದ್ದು ಅದನ್ನು ಅಂಗೀಕರಿಸುವ ಹಿಂದಿನ ಸಂಜೆ. ವಿರೋಧ ಪಕ್ಷಗಳ ಸದಸ್ಯರು ಸೂಚಿಸಿದ 44 ತಿದ್ದುಪಡಿಗಳು ಬಿದ್ದುಹೋದವು. ಆಳುವ ಕೂಟದವರ 14 ನಿಂತವು. ವರದಿ 2025ರ ಫೆಬ್ರವರಿ 13ರಂದು ಸದನಕ್ಕೆ ಬಂದಾಗ ಭಿನ್ನಮತ ಟಿಪ್ಪಣಿಗಳ ಕೆಲವು ಭಾಗಗಳನ್ನು ಅಳಿಸಲಾಗಿದೆ ಎಂದು ನಮ್ಮ ರಾಜ್ಯದ ಸೈಯದ್ ನಸೀರ್ ಹುಸೇನ್ ಮುಂತಾದವರು ಗದ್ದಲವೆಬ್ಬಿಸಬೇಕಾಯಿತು. ಆಮೇಲೆ ಸೇರಿಸಿದರು. ಸಂಸದರ ಬರಹಕ್ಕೇ ಈ ಗತಿಯಾದರೆ ಎರಡು ಪ್ರತಿ ಮಾಡಿಸಿ ಅಂಚೆಗೆ ಹಾಕಿದ ಮಾಸ್ತರರ ಬರಹದ ಪಾಡೇನು?

ಅರ್ಜಿಗಳು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಈಗಾಗಲೇ ನೋಂದಣಿಯಾಗಿರುವ, ವ್ಯಾಜ್ಯವಿಲ್ಲದ, ಸರ್ಕಾರಿ ಜಾಗವೆಂಬ ತಕರಾರಿಲ್ಲದ ಬಳಕೆಯ ವಕ್ಫ್‌ಗಳು ಮುಂದುವರಿಯಲಿ ಎಂಬ ಮಾತು ಸಮಿತಿಯ ಮೂಲಕವೇ ಸೇರಿತು. ಯಾರ ಮನವಿಯಿಂದ, ಯಾವ ವಾದದಿಂದ ಎಂದು ತಿಳಿಯುವ ದಾರಿ ಮಾತ್ರ ಇಲ್ಲ. ಕರ್ನಾಟಕ ವಿಧಾನಸಭೆ ಮಾರ್ಚ್ 19ರಂದು ಮಸೂದೆಯ ವಿರುದ್ಧ ನಿರ್ಣಯ ಮಾಡಿ ಕಳಿಸಿದ್ದೂ ಇನ್ನೊಂದು ಕಾಗದವಾಯಿತು, ಅಷ್ಟೆ. ಕಾಯ್ದೆಯಾದ ಮೇಲೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗಳು ಎಪ್ಪತ್ತು ಮೀರಿದವು. ಇಷ್ಟನ್ನೂ ಕೇಳಲಾಗದು, ಐದನ್ನು ಆರಿಸಿಕೊಳ್ಳಿ ಎಂದಿತು ಕೋರ್ಟು. ಐದು ವರ್ಷ ಇಸ್ಲಾಂ ಪಾಲಿಸಿದವನೇ ವಕ್ಫ್ ಮಾಡಬೇಕೆಂಬ ಷರತ್ತಿಗೂ ಸರ್ಕಾರಿ ಜಾಗ ಯಾವುದೆಂದು ಸರ್ಕಾರಿ ಅಧಿಕಾರಿಯೇ ತೀರ್ಮಾನಿಸುವ ಕಲಮಿಗೂ 2025ರ ಸೆಪ್ಟೆಂಬರ್ 15ರಂದು ತಡೆ ಸಿಕ್ಕಿದ್ದು ಆ ಐದರಿಂದ. ನೋಂದಣಿಯ ಕಲಮಿಗೆ ತಡೆ ಸಿಗಲಿಲ್ಲ.

ಹಾಗಾಗಿ 2025ರ ಜೂನ್ 6ರಂದು ತೆರೆದ ಉಮೀದ್ ಪೋರ್ಟಲಿನಲ್ಲಿ ಪ್ರತಿಯೊಂದು ವಕ್ಫ್‌ನ ವಿವರವನ್ನು ಆರು ತಿಂಗಳೊಳಗೆ ತುಂಬಬೇಕಾಯಿತು. ಆಗ ಬರೆಯದೆ ಬಿಟ್ಟ ಅಹವಾಲನ್ನು ಸರ್ಕಾರ ತನ್ನ ನಮೂನೆಯಲ್ಲಿ, ತನ್ನ ಗಡುವಿನಲ್ಲಿ ಕೇಳಿತು. ಗಡುವನ್ನು ಮುಂದೂಡಲು ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೊಂದರೆಯಿದ್ದವರು ವಕ್ಫ್ ಟ್ರಿಬ್ಯೂನಲ್‌ಗೆ ಹೋಗಲಿ ಎಂದಿತು. ಅಲ್ಲಿಗೆ ಕೊಡುವ ಅರ್ಜಿಗೆ ಕ್ಯೂಆರ್ ಕೋಡು ನಡೆಯುವುದಿಲ್ಲ. ಪ್ರತಿಯೊಂದು ಜಾಗಕ್ಕೂ ಅದರದೇ ಚೆಕ್ಕುಬಂದಿ ಬೇಕು, ಅದರದೇ ಸಾಕ್ಷಿ ಬೇಕು. ಆಶೂರ್‌ಖಾನೆಯ ಪರವಾಗಿ ಸಾಕ್ಷಿ ಹೇಳಬೇಕಾದವರು ಪಂಜಾ ಹೊರುವ ಆ ನೆರೆಯವರೇ. ಅವರಲ್ಲಿ ವಯಸ್ಸಾದವರನ್ನು ಈ ಮೊಹರಂಗೇ ಕೂರಿಸಿ ಕೇಳಿ, ಅವರ ಮಾತನ್ನು ಅವರ ಕನ್ನಡದಲ್ಲೇ ಬರೆದು, ಕೆಳಗೆ ಅವರ ಸಹಿ ಹಾಕಿಸಿಡಬೇಕು. ಹಿಂದಿಗೋ ಇಂಗ್ಲಿಷಿಗೋ ಆಮೇಲೆ ಮಾಡಿಸಿಕೊಂಡರಾಯಿತು.